ಒಂದು ಸೆಂಟಂತೂ ನಿಂತಿತು. ದುಡ್ಡು ಉಳಿಯಿತಾ?

ಇವತ್ತು ಬೆಳಿಗ್ಗೆ ಗ್ಯಾಸ್ ಸ್ಟೇಷನ್‌ನಲ್ಲಿ ಕಾಫಿಗೆ ಕ್ಯಾಶ್ ಕೊಟ್ಟೆ. ಕೌಂಟರ್ ಮೇಲೆ ಒಂದು ಚೀಟಿ ಅಂಟಿಸಿದ್ದರು. ಪೆನ್ನಿ ಇಲ್ಲ, ಚಿಲ್ಲರೆಯನ್ನು ಐದು ಸೆಂಟಿಗೆ ಸರಿಮಾಡಿ ಕೊಡುತ್ತೇವೆ ಅಂತ. ಅದನ್ನು ಓದಿ ನನಗಾದ ಖುಷಿ ನೋಡಿ ಕೌಂಟರ್‌ನಲ್ಲಿದ್ದ ಹುಡುಗಿ ಸ್ವಲ್ಪ ಗಾಬರಿಯಾದಳು.

ನಿಮಗೆ ಗೊತ್ತಲ್ಲ, ಈ ಪೆನ್ನಿ ವಿಷಯದಲ್ಲಿ ನಾನು ಮೊದಲಿಂದ ಎಲ್ಲರ ತಲೆ ತಿಂದವನು. 2024ರ ಹಣಕಾಸು ವರ್ಷದಲ್ಲಿ ಒಂದು ಸೆಂಟಿನ ನಾಣ್ಯ ಮಾಡಲು ಅಮೆರಿಕ ಸರ್ಕಾರಕ್ಕೆ ಬಿದ್ದ ಖರ್ಚು 3.69 ಸೆಂಟ್. 300 ಕೋಟಿಗಿಂತ ಜಾಸ್ತಿ ನಾಣ್ಯ, ಸುಮಾರು 8.5 ಕೋಟಿ ಡಾಲರ್ ನಷ್ಟ. ಅದೊಂದು ವರ್ಷದ ಕಥೆ ಅಲ್ಲ, 2006ರಿಂದಲೂ ಹೀಗೇ. ಅರಿಜೋನಾದ ಜಿಮ್ ಕೋಲ್ಬಿ ಅನ್ನುವ ರಿಪಬ್ಲಿಕನ್ ಸಂಸದ 1989ರಿಂದ ಮಸೂದೆ ತಂದು ತಂದು ಸುಸ್ತಾದರು. ಕೆನಡಾದವರು 2012ರಲ್ಲೇ ತಮ್ಮ ಸೆಂಟ್ ನಿಲ್ಲಿಸಿ ನೆಮ್ಮದಿಯಾಗಿದ್ದಾರೆ. ಇಲ್ಲಿ ಕೊನೆಗೆ 2025ರ ಫೆಬ್ರವರಿಯಲ್ಲಿ ಟ್ರಂಪ್ ಒಂದು ಪೋಸ್ಟ್ ಹಾಕಿ ನಿಲ್ಲಿಸಿ ಅಂದರು. ನವೆಂಬರ್ 12ಕ್ಕೆ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಕೊನೆಯದನ್ನು ಅಚ್ಚು ಹಾಕಿದರು. 1793ರಿಂದ ಬಂದ ನಾಣ್ಯ. ಹೋಗಲಿ, ಚೆನ್ನಾಗಿ ಬಾಳಿತು.

ಈ ಖುಷಿ ಮನೆ ತಲುಪುವವರೆಗಾದರೂ ಇರಬೇಕಿತ್ತು. ಅಷ್ಟರಲ್ಲಿ ನಮ್ಮ ಗುಂಪಿನ ಒಬ್ಬ ಮಹಾನುಭಾವ ವಾಟ್ಸಾಪ್‌ನಲ್ಲಿ ಹಳೇ ವಿಡಿಯೋ ಕಳಿಸಿದ. ಸರ್ಕಾರದ ಖರ್ಚು ಕಡಿಯಲು ಟ್ರಂಪ್ ಕಟ್ಟಿದ ಡೋಜ್ ಅನ್ನುವ ತಂಡದ ಎಲಾನ್ ಮಸ್ಕ್ ಕಪ್ಪು ಕನ್ನಡಕ ಹಾಕಿಕೊಂಡು ವೇದಿಕೆ ಮೇಲೆ ಗರಗಸ ಎತ್ತಿ ಹಿಡಿದಿದ್ದು. ಅರ್ಜೆಂಟೀನಾದ ಅಧ್ಯಕ್ಷ ಮಿಲೇ ಉಡುಗೊರೆ ಕೊಟ್ಟ ಗರಗಸ ಅದು. ಕೆಳಗೆ, 'ಅಂತೂ ದೇಶ ಉಳಿಯಿತು' ಅಂತ ಒಂದು ಸಾಲು. ನಾನು ಕೇಳಿದ್ದು ಒಂದೇ ಪ್ರಶ್ನೆ. ದೇಶ ಆಮೇಲೆ, ಮೊದಲು ದುಡ್ಡು ಉಳಿಯಿತಾ?

ಅದಕ್ಕೆ ಉತ್ತರ ಬರಲಿಲ್ಲ, ಒಂದು ಇಮೋಜಿ ಬಂತು. ಹಾಗಾಗಿ ಈ ಉದ್ದ ಬರಹ. ಬೈಯುವವರು ಪೂರ್ತಿ ಓದಿ ಬೈಯಿರಿ.

ನಾನು ಡೆಮಾಕ್ರಟ್ ಅಲ್ಲ. ಓಹಾಯೋದಲ್ಲಿ ಇದ್ದುಕೊಂಡು ಪೌರತ್ವ ಬಂದಾಗಿನಿಂದ ರಿಪಬ್ಲಿಕನ್ನರಿಗೇ ವೋಟ್ ಹಾಕಿದವನು, ಅದಕ್ಕಾಗಿ ನಿಮ್ಮಲ್ಲಿ ಅರ್ಧ ಜನರ ಕೈಲಿ ಉಗಿಸಿಕೊಂಡವನು. ನಾನು ಆ ಕಡೆ ಹೋಗಿದ್ದೇ ಒಂದು ಕಾರಣಕ್ಕೆ. ಸರ್ಕಾರ ನಮ್ಮ ದುಡ್ಡನ್ನು ಲೆಕ್ಕ ಇಟ್ಟು ಖರ್ಚು ಮಾಡಬೇಕು ಅಂತ ಹೇಳುತ್ತಿದ್ದವರು ಅವರೊಬ್ಬರೇ. ಗರ್ಭಪಾತ, ಬಂದೂಕು, ಯಾವ ಟಾಯ್ಲೆಟ್‌ಗೆ ಯಾರು ಹೋಗಬೇಕು, ಅವೆಲ್ಲ ನನ್ನನ್ನು ಎಳೆದ ವಿಷಯಗಳಲ್ಲ. ಲೆಕ್ಕ ಎಳೆದಿದ್ದು.

ಈಗ ಲೆಕ್ಕ ನೋಡಿ. ಟ್ರಿಲಿಯನ್ ಗಿಲಿಯನ್ ಬೇಡ, ನಮ್ಮ ಲಕ್ಷ ಕೋಟಿಯಲ್ಲೇ ಹೇಳುತ್ತೇನೆ. 2024ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ಮುಂಚೆ, ಮಸ್ಕ್ ಕನಿಷ್ಠ 2 ಲಕ್ಷ ಕೋಟಿ ಡಾಲರ್ ಕಡಿಯಬಹುದು ಅಂದರು. ಆಮೇಲೆ ಅದು 1 ಲಕ್ಷ ಕೋಟಿ ಆಯಿತು. 2025ರ ಏಪ್ರಿಲ್ ಹೊತ್ತಿಗೆ 15 ಸಾವಿರ ಕೋಟಿಗೆ ಬಂದು ನಿಂತಿತು. ಡೋಜ್‌ನವರು ವೆಬ್‌ಸೈಟ್‌ನಲ್ಲಿ ಹಾಕಿದ ಪಟ್ಟಿಯಲ್ಲಿ 80 ಲಕ್ಷ ಡಾಲರಿನ ಒಂದು ಕಾಂಟ್ರ್ಯಾಕ್ಟನ್ನು 800 ಕೋಟಿ ಅಂತ ತೋರಿಸಿದ್ದರು! ಪತ್ರಿಕೆಯವರು ಹಿಡಿದ ಮೇಲೆ ತಿದ್ದಿದರು. ನನ್ನ ಆಫೀಸಿನಲ್ಲಿ ಯಾರಾದರೂ ಎಕ್ಸೆಲ್ ಶೀಟಿನಲ್ಲಿ ಮೂರು ಸೊನ್ನೆ ಜಾಸ್ತಿ ಹಾಕಿದ್ದರೆ ಸಂಜೆಯೊಳಗೆ ಡಬ್ಬ ಕಟ್ಟಿ ಮನೆಗೆ ಕಳಿಸುತ್ತಿದ್ದರು.

ನೌಕರರು ಹೋಗಿದ್ದಂತೂ ನಿಜ. ಒಂದೂವರೆ ಲಕ್ಷ ಜನ ರಾಜೀನಾಮೆ ಸ್ಕೀಮ್ ತಗೊಂಡು ಹೋದರು. ಹೊಸದಾಗಿ ಸೇರಿದವರನ್ನು, ಅಂದರೆ ತೆಗೆಯಲು ಸುಲಭವಾದವರನ್ನು, ಮೊದಲು ತೆಗೆದರು. ಕಳೆದ ವಾರ ಏನೇನು ಮಾಡಿದಿರಿ ಐದು ಸಾಲು ಬರೆದು ಕಳಿಸಿ ಅಂತ ಎಲ್ಲರಿಗೂ ಇಮೇಲ್ ಹೋಯಿತು. ಇಷ್ಟೆಲ್ಲ ಆದ ಆ ವರ್ಷ ಒಟ್ಟು ಖರ್ಚು ಕಡಿಮೆ ಆಗಬೇಕಿತ್ತು ತಾನೇ? 2024ರ ಹಣಕಾಸು ವರ್ಷದಲ್ಲಿ ಸುಮಾರು 6.75 ಲಕ್ಷ ಕೋಟಿ ಇದ್ದದ್ದು 2025ರಲ್ಲಿ 7 ಲಕ್ಷ ಕೋಟಿ ಆಯಿತು. ಕೊರತೆ ಹೆಚ್ಚು ಕಡಿಮೆ ಅಲ್ಲೇ ನಿಂತಿತು, 1.8 ಲಕ್ಷ ಕೋಟಿ. ಸಾಲ 2025ರ ಅಕ್ಟೋಬರ್‌ನಲ್ಲಿ 38 ಲಕ್ಷ ಕೋಟಿ ದಾಟಿತು.

ದುಡ್ಡು ಉಳಿಯಿತಾ?

ಇಲ್ಲಿ ನನ್ನ ಲಿಬರಲ್ ಗೆಳೆಯರು ಕುರ್ಚಿ ಮುಂದೆ ಎಳೆದುಕೊಂಡು ಕೂತಿರುತ್ತಾರೆ, ನೋಡಿದ್ಯಾ, ದುಂದು ಅನ್ನುವುದೇ ಕಟ್ಟುಕಥೆ, ಸರ್ಕಾರದಲ್ಲಿ ಅಂಥದ್ದೇನೂ ಇಲ್ಲ ಅಂತ ಹೇಳಲು. ಸ್ವಲ್ಪ ತಡೀರಿ. ಸರ್ಕಾರದ್ದೇ ಲೆಕ್ಕ ತಪಾಸಣೆ ಸಂಸ್ಥೆ ಜಿಎಒ ಪ್ರಕಾರ, ಕೊಡಬಾರದವರಿಗೆ ಕೊಟ್ಟದ್ದು, ಜಾಸ್ತಿ ಕೊಟ್ಟದ್ದು, ದಾಖಲೆಯೇ ಇಲ್ಲದೆ ಕೊಟ್ಟದ್ದು ಎಲ್ಲ ಸೇರಿ 2023ರಲ್ಲಿ 23,600 ಕೋಟಿ ಡಾಲರ್. 2024ರಲ್ಲಿ 16,200 ಕೋಟಿ. ಕೋವಿಡ್ ಕಾಲದ ನಿರುದ್ಯೋಗ ಭತ್ಯೆಯಲ್ಲೇ 10 ಸಾವಿರದಿಂದ 13,500 ಕೋಟಿ ಮೋಸದವರ ಪಾಲಾಯಿತು ಅಂತ ಅದೇ ಸಂಸ್ಥೆ ಅಂದಾಜು ಮಾಡಿದೆ. ಪೆಂಟಗನ್‌ಗೆ ಮೊದಲ ಸಲ ಪೂರ್ತಿ ಆಡಿಟ್ ಆಗಿದ್ದು 2018ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಒಂದು ಸಲವೂ ಪಾಸಾಗಿಲ್ಲ. ಒಟ್ಟು ಬಜೆಟ್‌ನಲ್ಲಿ ಇದೆಲ್ಲ ಚಿಲ್ಲರೆ ಅನ್ನುತ್ತೀರಾ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ನಮ್ಮವರು ಸುಮ್ನೆ ಹೇಳಿದ್ದಲ್ಲ. ಚಿಲ್ಲರೆಯನ್ನೇ ಲೆಕ್ಕ ಇಡದ ಸರ್ಕಾರ ನಾಳೆ ಬಂದು ತೆರಿಗೆ ಜಾಸ್ತಿ ಕೊಡಿ ಅಂದರೆ ಯಾರು ನಂಬುತ್ತಾರೆ? ಹಾಗಾಗಿ ಆ ವಾದ ಅಲ್ಲಿಗೆ ಬಿಟ್ಟೆ.

ನನ್ನ ಸಿಟ್ಟು ನನ್ನ ಕಡೆಯವರ ಮೇಲೆ. ದುಂದು ಇದೆ ಅಂತ ಗೊತ್ತಿದ್ದೂ, ಎಲ್ಲಿದೆ ಅಂತ ಗೊತ್ತಿದ್ದೂ, ಟೀವಿಯಲ್ಲಿ ಚೆನ್ನಾಗಿ ಕಾಣುವುದನ್ನು ಮಾತ್ರ ಕಡಿಯುವವರ ಮೇಲೆ.

ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಬರುವವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಅಲ್ಲಿಂದ ಉತ್ತರಕ್ಕೆ ಬಾಯರ್ಸ್ ಅಂತ ಒಂದು ಊರು. ಅಲ್ಲೊಂದು ಹಳೇ ಸುಣ್ಣಕಲ್ಲಿನ ಗಣಿ. ನೆಲದಿಂದ 200 ಅಡಿಗಿಂತ ಕೆಳಗೆ. ಅದರೊಳಗೆ ನೂರಾರು ಜನ ಕೂತು ಕೇಂದ್ರ ಸರ್ಕಾರದ ನೌಕರರ ಪಿಂಚಣಿ ಕಾಗದ ನೋಡುತ್ತಿದ್ದರು. ಸಾಲು ಸಾಲು ಉಕ್ಕಿನ ಬೀರು, ಬೀರು ತುಂಬ ಫೈಲು, ಒಬ್ಬರ ಫೈಲು ಇನ್ನೊಬ್ಬರ ಮೇಜಿಗೆ ಹೋಗುತ್ತಿದ್ದದ್ದು ಕೈಯಲ್ಲಿ. ಕಂಪ್ಯೂಟರ್ ಹಾಕುತ್ತೇವೆ ಅಂತ ರೇಗನ್ ಕಾಲದಿಂದ ಹೊರಟು, ಹತ್ತು ಕೋಟಿ ಡಾಲರಿಗೂ ಜಾಸ್ತಿ ಕಳೆದು, ಪ್ರತಿ ಸಲ ಕೈಚೆಲ್ಲಿ, ಮತ್ತೆ ಕಾಗದಕ್ಕೇ ಬಂದರು. ನಮ್ಮ ತಾಲ್ಲೂಕು ಕಚೇರಿಯನ್ನು ಬೈಯುವಾಗ ಇದನ್ನೂ ಸ್ವಲ್ಪ ನೆನಪಿಡಿ.

ಡೋಜ್ ಇಲ್ಲಿ ನಿಜವಾಗಿಯೂ ಕೆಲಸ ಮಾಡಿತು. ಏರ್‌ಬಿಎನ್‌ಬಿ ಕಟ್ಟಿದವರಲ್ಲಿ ಒಬ್ಬರಾದ ಜೋ ಗೆಬ್ಬಿಯಾ ಬಂದು ಕೂತು ಪಿಂಚಣಿ ಅರ್ಜಿಯನ್ನು ಆನ್‌ಲೈನ್ ಮಾಡಲು ಹೊರಟರು, ಮಾಡಿಯೂ ಮಾಡಿದರು. ಇದು ಸುಧಾರಣೆ. ಬೋರಿಂಗ್ ಕೆಲಸ, ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಗರಗಸ ಬೇಕಾಗುವುದಿಲ್ಲ, ಫಾರಂ ಓದಬೇಕು, ಕಾನೂನು ಓದಬೇಕು, ಗಣಿಯಲ್ಲಿ ವರ್ಷಗಟ್ಟಲೆ ಕೂತವರನ್ನು ಕೂರಿಸಿಕೊಂಡು ಇದು ಯಾಕೆ ಹೀಗೆ ಅಂತ ಕೇಳಬೇಕು. ಇಂಥ ಇನ್ನೂರು ಕೆಲಸ ಮಾಡಿದ್ದರೆ ನಾನೇ ಮಸ್ಕ್‌ಗೆ ಹಾರ ಹಾಕುತ್ತಿದ್ದೆ. ಮಾಡಲಿಲ್ಲ. ಆತ ಮೇ ಕೊನೆಗೆ ಹೊರಟೇಹೋದ.

ಕೂಲಿಡ್ಜ್ ಅಂತ ಒಬ್ಬ ಅಧ್ಯಕ್ಷ ಇದ್ದರು, 1923ರಿಂದ 1929ರವರೆಗೆ. ಮಾತು ಕಡಿಮೆ, ಖರ್ಚು ಅದಕ್ಕಿಂತ ಕಡಿಮೆ. ಅವರ ಬಜೆಟ್ ನೋಡಿಕೊಳ್ಳುತ್ತಿದ್ದ ಹರ್ಬರ್ಟ್ ಲಾರ್ಡ್ ಸರ್ಕಾರಿ ನೌಕರರಿಗೆ ಒಂದು ಸಲಕ್ಕೆ ಒಂದೇ ಪೆನ್ಸಿಲ್ ಕೊಡಿಸುತ್ತಿದ್ದರು. ಮುಗಿಯದೆ ಉಳಿದರೆ ಆ ಮೋಟು ತುಂಡು ವಾಪಸ್ ಕೊಡಬೇಕು. ಜನ ನಕ್ಕರು. ಆದರೆ ಅವರ ಕಾಲದಲ್ಲಿ ಸಾಲ 2,200 ಕೋಟಿ ಡಾಲರಿನಿಂದ 1,700 ಕೋಟಿಗೆ ಇಳಿಯಿತು. ಅಂದರೆ ಪೆನ್ಸಿಲ್ಲೂ ನೋಡಿದರು, ಸಾಲವನ್ನೂ ನೋಡಿದರು. ರೇಗನ್ ಬಂದಾಗ ಈ ಕೂಲಿಡ್ಜ್ ಫೋಟೋವನ್ನು ಕ್ಯಾಬಿನೆಟ್ ಕೋಣೆಯಲ್ಲಿ ಹಾಕಿಸಿದರು. ಪೀಟರ್ ಗ್ರೇಸ್ ಅನ್ನುವ ಉದ್ಯಮಿಯ ಕೈಗೆ ಸಮಿತಿ ಕೊಟ್ಟು 2,478 ಶಿಫಾರಸು ಬರೆಸಿಕೊಂಡರು. ಬಹುಪಾಲು ಕಪಾಟಿಗೆ ಹೋಯಿತು, ಸಾಲ ಮೂರು ಪಟ್ಟು ಹತ್ತಿರ ಬೆಳೆಯಿತು. ಫೋಟೋ ಮಾತ್ರ ಗೋಡೆ ಮೇಲೆ ಇತ್ತು. ನನ್ನ ಪಾರ್ಟಿಯ ಕಥೆ ಆಗಲೇ ಶುರುವಾಗಿತ್ತೇನೋ.

ನಮ್ಮವರು ಸಂಸ್ಕೃತಿ ಕೆಟ್ಟಿತು ಅಂತ ದಿನಾ ಗೋಳಾಡುತ್ತಾರೆ. ವೈವಿಧ್ಯದ ಹೆಸರಿನ ಆಫೀಸುಗಳನ್ನು ಮುಚ್ಚಿಸಿದ್ದನ್ನು ದೊಡ್ಡ ಗೆಲುವು ಅನ್ನುತ್ತಾರೆ. ಮುಚ್ಚಿದ್ದಕ್ಕೆ ನನಗೇನೂ ಬೇಸರ ಇಲ್ಲ, ಆ ಟ್ರೈನಿಂಗ್‌ಗಳಲ್ಲಿ ಕೂತು ಆಕಳಿಸಿದವನು ನಾನು. ಆದರೆ ಅದು ಲೆಕ್ಕದಲ್ಲಿ ಎಷ್ಟು? ಸಾಲ ಮಾಡುವುದಕ್ಕೆ ನಾಚಿಕೆ ಪಡುವುದೂ ಒಂದು ಸಂಸ್ಕೃತಿಯೇ ಅಲ್ವಾ? ಅದು ಹೋಯಿತಲ್ಲ, ಅದಕ್ಕೆ ಅಳುವವರು ಯಾರು?

ವಿವೇಕ್ ರಾಮಸ್ವಾಮಿ ವಿಷಯ ಬಿಟ್ಟರೆ ನೀವೇ ಕೇಳುತ್ತೀರಿ. ನಮ್ಮ ಓಹಾಯೋದವರೇ, ಮಸ್ಕ್ ಜೊತೆ ಡೋಜ್ ನಡೆಸಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಎಚ್1ಬಿ ಜಗಳ ಬಂದಾಗ, ಅಮೆರಿಕದ ಸಂಸ್ಕೃತಿ ಸಾಧಾರಣವನ್ನೇ ಪೂಜಿಸುತ್ತಿದೆ, ಗಣಿತದ ಒಲಿಂಪಿಯಾಡ್ ಗೆದ್ದವನನ್ನು ಬಿಟ್ಟು ಹೈಸ್ಕೂಲಿನ ಪ್ರಾಮ್ ಪಾರ್ಟಿಯ ರಾಣಿಯನ್ನು ಮೆರೆಸುತ್ತದೆ ಅಂತ ಬರೆದರು. ನಮ್ಮ ಅಪ್ಪ ಅಮ್ಮಂದಿರ ಗ್ರೂಪುಗಳಲ್ಲಿ ಹಬ್ಬ! (ಅದೇ ಗ್ರೂಪಿನವರು ಮಗಳ ಪ್ರಾಮ್ ಫೋಟೋ ಹಾಕಿ ಲೈಕ್ ಎಣಿಸಿದ್ದನ್ನೂ ನೋಡಿದ್ದೇನೆ.) ಅವರ ಕಡೆಯವರೇ ಅವರನ್ನು ಹರಿದು ಹಾಕಿದರು. ಜನವರಿಯಲ್ಲಿ ಡೋಜ್ ಬಿಟ್ಟು ಗವರ್ನರ್ ಆಗಲು ಹೊರಟರು. ಕಷ್ಟಪಟ್ಟು ಓದಿ ಅನ್ನುವುದಕ್ಕೇ ಈ ಗತಿ ಅಂದರೆ, ವಯಸ್ಸಾದವರ ಪಿಂಚಣಿ ಸೋಷಿಯಲ್ ಸೆಕ್ಯುರಿಟಿ, ಅವರ ಆರೋಗ್ಯ ವಿಮೆ ಮೆಡಿಕೇರ್ ಬಗ್ಗೆ ಬಾಯಿ ಬಿಟ್ಟವನ ಕಥೆ ಏನಾಗಬಹುದು?

ಅಲ್ಲೇ ಇರುವುದು ದುಡ್ಡು. ಅವೆರಡು, ಸೈನ್ಯ, ಮತ್ತು ಬಡ್ಡಿ. ಬಡ್ಡಿಯೊಂದೇ 2024ರಲ್ಲಿ ಸೈನ್ಯದ ಖರ್ಚನ್ನು ದಾಟಿತು, ಸುಮಾರು 88 ಸಾವಿರ ಕೋಟಿ. ಬಡ್ಡಿಯಿಂದ ರಸ್ತೆ ಆಗುವುದಿಲ್ಲ, ಶಾಲೆ ಆಗುವುದಿಲ್ಲ, ವಿಮಾನ ಹಾರುವುದಿಲ್ಲ. ಸೋಷಿಯಲ್ ಸೆಕ್ಯುರಿಟಿಯ ವೃದ್ಧಾಪ್ಯ ನಿಧಿ 2033ಕ್ಕೆ ಖಾಲಿ ಅಂತ ಅದರ ಟ್ರಸ್ಟಿಗಳೇ 2025ರಲ್ಲಿ ಬರೆದುಕೊಟ್ಟಿದ್ದಾರೆ. ಮುಟ್ಟುವುದಿಲ್ಲ ಅಂತ ಟ್ರಂಪ್ ಮಾತು ಕೊಟ್ಟಿದ್ದಾರೆ, ಡೆಮಾಕ್ರಟರೂ ಕೊಟ್ಟಿದ್ದಾರೆ. ನಿಜ ಹೇಳಬೇಕೆಂದರೆ ನನಗೂ ಇನ್ನು ಕೆಲವೇ ವರ್ಷದಲ್ಲಿ ಆ ಚೆಕ್ ಶುರುವಾಗುತ್ತದೆ, ಅದಕ್ಕೆ ಕೈ ಹಾಕಿದರೆ ಮೊದಲು ಕೂಗಾಡುವವನು ನಾನೇ ಇರಬಹುದು. 2020ರಲ್ಲಿ ಟ್ರಂಪ್ ಹೆಸರು ಅಚ್ಚಾಗಿ ಬಂದ ಕೋವಿಡ್ ಚೆಕ್ ಕೂಡ ಬ್ಯಾಂಕಿಗೆ ಹಾಕಿಕೊಂಡೆ. ವಾಪಸ್ ಕಳಿಸುವಷ್ಟು ಮಹಾತ್ಮ ನಾನಲ್ಲ. ಅದಕ್ಕೇ ತಾನೇ ದೊಡ್ಡವರು ಅಂತ ಕೆಲವರನ್ನು ಆರಿಸಿ ಕಳಿಸುವುದು, ನಾವು ಕೂಗಾಡಿದರೂ ಬೇಡ ಅನ್ನಲಿ ಅಂತ?

ಅವರು ಮಾಡಿದ್ದೇನು? 2025ರ ಜುಲೈ 4ಕ್ಕೆ ತೆರಿಗೆ ಇಳಿಸುವ 'ದೊಡ್ಡ ಸುಂದರ' ಮಸೂದೆಗೆ ಸಹಿ. ಹತ್ತು ವರ್ಷದಲ್ಲಿ ಕೊರತೆಗೆ ಇನ್ನೂ 3.4 ಲಕ್ಷ ಕೋಟಿ ಸೇರುತ್ತದೆ ಅಂತ ಸಂಸತ್ತಿನದ್ದೇ ಬಜೆಟ್ ಕಚೇರಿ ಹೇಳಿತು. ಆಡಿಟ್ ಪಾಸಾಗದ ಪೆಂಟಗನ್‌ಗೆ ಅದರಲ್ಲಿ ಸುಮಾರು 15 ಸಾವಿರ ಕೋಟಿ ಹೆಚ್ಚುವರಿ. ಅಂದರೆ ಡೋಜ್ ಉಳಿಸಿದೆ ಅಂತ ಏಪ್ರಿಲ್‌ನಲ್ಲಿ ಹೇಳಿದ ಅಷ್ಟೇ ದುಡ್ಡು, ಅದೂ ನಿಜವಾಗಿ ಉಳಿದಿದ್ದರೆ. ಮಸ್ಕ್ ಕೂಡ ಅಸಹ್ಯ ಅಂತ ಬೈದರು. ಕೆಂಟಕಿಯ ರಿಪಬ್ಲಿಕನ್ ಸಂಸದ ಥಾಮಸ್ ಮ್ಯಾಸಿ ಅನ್ನುವವರೊಬ್ಬರಿದ್ದಾರೆ, ದೇಶದ ಸಾಲ ಓಡುವ ಪುಟ್ಟ ಗಡಿಯಾರವನ್ನು ಕೋಟ್‌ಗೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಅವರು ವಿರುದ್ಧ ವೋಟ್ ಹಾಕಿದರು. ಅಂಥವರನ್ನು ಹಿಂದೆ ನಮ್ಮ ಪಾರ್ಟಿಯಲ್ಲಿ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದರು. 2025ರಲ್ಲಿ ಅವರನ್ನು ಸೋಲಿಸಲು ಅಧ್ಯಕ್ಷರೇ ಬೇರೆಯವರನ್ನು ನಿಲ್ಲಿಸಿದರು.

ಅಮೆರಿಕಕ್ಕೆ ಸಾಲ ಒಂದು ಸಮಸ್ಯೆಯೇ ಅಲ್ಲ, ಡಾಲರ್ ನಮ್ಮದು, ಅಚ್ಚು ಹಾಕಿದರಾಯಿತು ಅನ್ನುವವರು ಕಮೆಂಟ್‌ಗೆ ಬರಬೇಡಿ. 2022ರಲ್ಲಿ ಬೆಲೆ ಏರಿದಾಗ ಇಲ್ಲಿ ದಿನಸಿ ತಂದವರಿಗೆ ಗೊತ್ತು.

ಹೋದ ಶನಿವಾರ ಕನ್ನಡ ಕೂಟದ ಊಟದಲ್ಲಿ ಗರಗಸದ ಅಭಿಮಾನಿ ಒಬ್ಬನನ್ನು ಹಿಡಿದು ಕೇಳಿದೆ, ನಿನ್ನ ಕೈಗೆ ಕೊಟ್ಟರೆ ಯಾವುದನ್ನು ಕಡಿಯುತ್ತೀಯಪ್ಪ ಅಂತ. "ಫಾರಿನ್ ಏಡ್ ಸಾರ್" ಅಂದ. ಯುಎಸ್‌ಎಡ್ ಮುಚ್ಚಿಯಾಯಿತು, ಅದು ಬಜೆಟ್‌ನಲ್ಲಿ ನೂರಕ್ಕೆ ಒಂದೂ ಇರಲಿಲ್ಲ, ಆಮೇಲೆ? "ಫ್ರಾಡ್ ಸಾರ್." ಆಯಿತು, 16,200 ಕೋಟಿ ಪೂರ್ತಿ ಹಿಡಿದೆ ಅಂದುಕೋ, ಕೊರತೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ. ಆಮೇಲೆ? "ಮೆಡಿಕೇರ್ ಮಾತ್ರ ಬೇಡ ಸಾರ್, ಅಪ್ಪಂಗೆ ಹೋದ ವರ್ಷ ಬಂತು."

ನವೆಂಬರ್‌ನಲ್ಲಿ ಮತ್ತೆ ಅದೇ ಕಡೆಗೆ ವೋಟ್ ಹಾಕುತ್ತೀಯಾ ಅಂತ ಕೇಳಲು ಕೆಲವರ ಬೆರಳು ತುರಿಸುತ್ತಿರುತ್ತದೆ. ಹಾಕುತ್ತೇನೆ ಅನ್ನಿಸುತ್ತದೆ. ಇವರು ಉಳಿಸುತ್ತೇವೆ ಅಂತ ಸುಳ್ಳಾದರೂ ಹೇಳುತ್ತಾರೆ, ಆ ಕಡೆಯವರು ಅದನ್ನೂ ಹೇಳುವುದಿಲ್ಲ.