ಸತ್ಯಾಂಶ: ಬಳಸದೆ ಇಟ್ಟ ಹಳೆ ಟೈರ್ ಹಾಳಾಗುವುದಿಲ್ಲವೇ?

‘ಹಳೆಯ ಸ್ಪೋರ್ಟ್ಸ್ ಕಾರಿಗೆ ಆ ಕಾಲದಲ್ಲೇ ತಯಾರಾದ ಟೈರ್, ಸೀಟ್ ಬೆಲ್ಟ್ ಹುಡುಕಿ ಹಾಕಿಸಿ. ಬಳಸದೆ ಇಟ್ಟಿದ್ದರೆ ಅವು ಹಾಳಾಗುವುದೇ ಇಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಟೈರ್ ಒಂದು ಮೈಲಿ ಓಡದಿದ್ದರೂ ಗಾಳಿಯಲ್ಲಿನ ಆಮ್ಲಜನಕ ಮತ್ತು ಓಝೋನ್‌ನಿಂದ ರಬ್ಬರ್ ಗಡುಸಾಗುತ್ತದೆ, ಒಳಪದರಗಳ ಹಿಡಿತ ಸಡಿಲವಾಗುತ್ತದೆ. ನೆಲಕ್ಕೆ ತಾಗುವ ಹೊರಪದರ (ಟ್ರೆಡ್) ಹೊಸದರಂತೆ ಕಂಡರೂ ವೇಗದಲ್ಲಿ ಕಿತ್ತುಬರಬಹುದು. ಟೈರಿನ ಪಕ್ಕದಲ್ಲಿ ‘DOT’ ಅಕ್ಷರಗಳಿಂದ ಶುರುವಾಗುವ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಕೇತದ ಕೊನೆಯ ಅಂಕಿಗಳನ್ನು ನೋಡಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿಗಳಿದ್ದರೆ 2000ಕ್ಕಿಂತ ಹಿಂದಿನದು. ಅಂಥದ್ದು ಪ್ರದರ್ಶನಕ್ಕಿರಲಿ, ರಸ್ತೆಗೆ ಖಂಡಿತ ಬೇಡ.

ಕಾರು ಅಂದಿನಂತೆಯೇ ಕಾಣಬೇಕೆಂಬ ಆಸೆ ಸಹಜ, ನನಗದು ಇಷ್ಟವೂ ಹೌದು. ಪಿರೆಲ್ಲಿ, ಮಿಷೆಲಿನ್ ಮುಂತಾದ ಕಂಪನಿಗಳು ಹಳೆಯ ವಿನ್ಯಾಸದ ಟೈರ್‌ಗಳನ್ನು ಈಗಲೂ ಹೊಸದಾಗಿ ತಯಾರಿಸುತ್ತವೆ. ಆದರೆ ಮುಂದಿನ ಚಕ್ರಗಳಿಗೆ ರೇಡಿಯಲ್ (ಒಳಗಿನ ದಾರಗಳು ನೇರ ಅಡ್ಡಕ್ಕಿರುವ ಟೈರ್), ಹಿಂದಿನವಕ್ಕೆ ಕ್ರಾಸ್‌ಪ್ಲೈ (ದಾರಗಳು ಓರೆಯಾಗಿ ಒಂದರ ಮೇಲೊಂದು ಹಾಯುವ ಹಳೆಯ ಬಗೆಯ ಟೈರ್) ಹಾಕಿಸಬೇಡಿ, ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತದೆ.

ಬೆಲ್ಟ್‌ನದೂ ಇದೇ ಕಥೆ. ಬಿಸಿಲು ತಿಂದ ನೈಲಾನ್ ಪಟ್ಟಿಗೆ ಬಲವಿರುವುದಿಲ್ಲ. ಬಕಲ್ ಹಳೆಯ ಶೈಲಿಯದೇ ಇರಲಿ, ಪಟ್ಟಿ ಮಾತ್ರ ಹೊಸದಾಗಿರಬೇಕು. ಸೊಂಟ, ಭುಜ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ತಂದದ್ದು 1959ರಲ್ಲಿ. ಹಾಗಾಗಿ 60ರ ದಶಕದ ಕಾರಿಗೆ ಅದು ಹೊರಗಿನದೇನಲ್ಲ. ಬೆಲ್ಟ್ ಹಿಡಿಯುವ ಬೋಲ್ಟನ್ನು ಕಾರಿನ ಬರೀ ತಗಡಿಗೆ ಬಿಗಿದರೆ ಅಪಘಾತದಲ್ಲಿ ತಗಡೇ ಹರಿದುಬರುತ್ತದೆ, ತಗಡಿನ ಹಿಂದೆ ಉಕ್ಕಿನ ಪ್ಲೇಟ್ ಕೂರಿಸಲೇಬೇಕು.