ಸಾರ್ವಜನಿಕ ಹಿತದೃಷ್ಟಿಯಿಂದ ಒಂದು ಇಲಿಯ ವರ್ಗಾವಣೆ

ಬೆಳಗ್ಗೆ ಐದೂವರೆಗೆ ನಮ್ಮ ಕೆರೆ ಏರಿಯ ಮೇಲೆ ಕೈಚೀಲ ಹಿಡಿದು ಹೋಗುವವರು ಸೊಪ್ಪು ತರಲು ಹೊರಟಿದ್ದಾರೆ ಅಂದುಕೊಳ್ಳಬೇಡಿ. ಚೀಲವನ್ನು ಹೇಗೆ ಹಿಡಿದಿದ್ದಾರೆ ನೋಡಿ. ಮೈಯಿಂದ ಒಂದು ಗೇಣು ದೂರ ಹಿಡಿದಿದ್ದರೆ ಒಳಗೆ ಇಲಿ ಬೋನು ಇದೆ ಅಂತಲೇ ಅರ್ಥ.

ಮೊನ್ನೆ ನಾನೂ ಹಾಗೇ ಹಿಡಿದು ಹೊರಟಿದ್ದೆ. ಎದುರಿಗೆ ಮಂಕಿ ಟೋಪಿ ಹಾಕಿದ ಒಬ್ಬರು ಬಂದರು. ಅವರ ಕೈಯಲ್ಲೂ ಚೀಲ. ಅದೂ ಒಂದು ಗೇಣು ದೂರ.

‘ಏನ್ ಸಾರ್, ವಾಕಿಂಗಾ?’

‘ಹೂಂ ಸಾರ್, ವಾಕಿಂಗು. ನೀವು?’

‘ನಾನೂ ವಾಕಿಂಗೇ.’

ಅಷ್ಟರಲ್ಲಿ ಅವರ ವಾಕಿಂಗು ಕಿಚ್ ಅಂದಿತು. ನನ್ನದು ಉತ್ತರ ಕೊಟ್ಟಿತು.

ಇನ್ನು ಮುಚ್ಚಿಡುವುದೇನು? ಅವರು ಕೆರೆಯ ಆಚೆ ಲೇಔಟಿನವರು. ಅಲ್ಲೇ ಬಿಟ್ಟರೆ ವಾಪಸ್ ಬರುತ್ತೆ ಅಂತ ಏರಿ ದಾಟಿ ಈಚೆ ಬಂದಿದ್ದರು. ನಾನು ಈಚೆಯವನು, ಅದೇ ಕಾರಣಕ್ಕೆ ಆಚೆ ಹೊರಟಿದ್ದೆ. ಇಬ್ಬರೂ ನಕ್ಕೆವು. ಆಮೇಲೆ ನಾನು ಅವರ ಕಡೆ ಹೋಗಿ ಬಿಟ್ಟೆ, ಅವರು ನಮ್ಮ ಕಡೆ ಬಂದು ಬಿಟ್ಟರು. ನಿಂತಲ್ಲೇ ಚೀಲ ಬದಲಾಯಿಸಿಕೊಂಡಿದ್ದರೆ ಅರ್ಧ ಕಿಲೋಮೀಟರ್ ನಡಿಗೆ ಉಳಿಯುತ್ತಿತ್ತು. ಆದರೆ ವಾಕಿಂಗ್ ಅಂತ ಬಾಯಿ ಬಿಟ್ಟು ಹೇಳಿಯಾಗಿತ್ತಲ್ಲ.

ಇದಕ್ಕೆ ನಮ್ಮ ಲೇಔಟಿನಲ್ಲಿ ‘ಮಾನವೀಯ ವಿಧಾನ’ ಅನ್ನುತ್ತಾರೆ. ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಬೇರೆ ಹೆಸರಿದೆ. ತೊಂದರೆ ಕೊಡುವ ಅಧಿಕಾರಿಯನ್ನು ಯಾರೂ ಮನೆಗೆ ಕಳಿಸುವುದಿಲ್ಲ. ಸಾರ್ವಜನಿಕ ಹಿತದೃಷ್ಟಿಯಿಂದ, ತಕ್ಷಣದಿಂದ ಜಾರಿಗೆ ಬರುವಂತೆ, ಮುಂದಿನ ಆದೇಶದವರೆಗೆ ಪಕ್ಕದ ತಾಲ್ಲೂಕಿಗೆ ಹಾಕುತ್ತಾರೆ. ಅಲ್ಲಿಯವರು ಈಚೆಗೆ ಹಾಕುತ್ತಾರೆ. ಇಲಿಗೂ ಅಷ್ಟೇ. ಒಂದೇ ವ್ಯತ್ಯಾಸ, ಇಲಿಗೆ ಪ್ರಯಾಣ ಭತ್ಯೆ ಇಲ್ಲ. ಬೋನಿನೊಳಗಿನ ಅರ್ಧ ಬೋಂಡವನ್ನು ಹಾಗೆ ಲೆಕ್ಕ ಹಾಕಬಹುದೇನೋ.

ನಮಗೂ ಈ ಮಾನವೀಯತೆ ಹುಟ್ಟಿನಿಂದ ಬಂದದ್ದಲ್ಲ. ಮೊದಲು ಇದ್ದದ್ದು ಇಲಿ ಪಾಷಾಣ. ಅದನ್ನು ತಿಂದ ಇಲಿ ಎಲ್ಲಿ ಸತ್ತಿದೆ ಅಂತ ಮೂರನೇ ದಿನ ಮೂಗು ಹೇಳುತ್ತಿತ್ತು, ಅಟ್ಟ ಪೂರ್ತಿ ಇಳಿಸಬೇಕಾಗುತ್ತಿತ್ತು. ಆಮೇಲೆ ಬಂತು ಗಮ್ ಹಾಳೆ. ಪುಸ್ತಕದ ಹಾಗೆ ಬಿಡಿಸಿ ಫ್ರಿಜ್ ಹಿಂದೆ ಇಡುವುದು. ಚೌತಿಯ ದಿನ ನಡುಮನೆಯಲ್ಲಿ ಮಣ್ಣಿನ ಇಲಿಗೆ ಗರಿಕೆ, ಅಡುಗೆಮನೆಯಲ್ಲಿ ನಿಜವಾದ ಇಲಿಗೆ ಗಮ್ಮು. ಅದು ರಾತ್ರಿಯಿಡೀ ಕಿರುಚಿತು. ಬೆಳಗ್ಗೆ ಅದನ್ನು ಏನು ಮಾಡುವುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಗೆ ಹಾಳೆ ಸಮೇತ ಕಸದವರ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡೆವು. ಕೊಲ್ಲುವ ಧೈರ್ಯ ಇಲ್ಲದವರು ಕೊಳ್ಳುವ ವಸ್ತು ಅದು.

ಇದಕ್ಕೆಲ್ಲ ಕಾನೂನು ಇಲ್ವಾ ಅಂತ ಕೇಳಬೇಡಿ, ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಗಮ್ ಹಾಳೆ ಬೇಡ ಅಂತ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಬರೆದೂ ಇದೆ. ಇನ್ನು ಶಿಕ್ಷೆ? ಮೊದಲ ಸಲ ಹಿಂಸೆ ಕೊಟ್ಟರೆ ದಂಡ 10 ರೂಪಾಯಿಗಿಂತ ಕಡಿಮೆ ಇರಬಾರದು, 50 ಮೀರಬಾರದು. ಆ ಕಾಲಕ್ಕೆ ಅದು ದೊಡ್ಡ ದುಡ್ಡೇ ಇರಬೇಕು. ಇವತ್ತು ಗಮ್ ಹಾಳೆಗೇ ಅದಕ್ಕಿಂತ ಜಾಸ್ತಿ ಆಗುತ್ತದೆ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಮಾತ್ರ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗಾಗಿ ನೀವು ಮಾಡುವ ಹಿಂಸೆಗೆಲ್ಲ ಮೂರು ವರ್ಷದ ಅಂತರ ಇಟ್ಟುಕೊಳ್ಳಿ.

ಕೊಂದು ಲೆಕ್ಕ ಕೊಡುವವರ ಕಥೆ ಇನ್ನೂ ಚೆನ್ನಾಗಿದೆ. ಉತ್ತರ ರೈಲ್ವೆಯ ಲಖನೌ ವಿಭಾಗ ಮೂರು ವರ್ಷದಲ್ಲಿ 69 ಲಕ್ಷ ರೂಪಾಯಿ ಖರ್ಚು ಮಾಡಿ 168 ಇಲಿ ಹಿಡಿಯಿತು ಅಂತ 2023ರಲ್ಲಿ ಸುದ್ದಿಯಾಯಿತು. ಇಲಿಯೊಂದಕ್ಕೆ 41 ಸಾವಿರ! ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಾವು ಗಾದೆ ಹೇಳುತ್ತಿದ್ದೆವು, ಇವರು ಬೆಟ್ಟಕ್ಕೆ ಟೆಂಡರೇ ಕರೆದಿದ್ದರು. ರೈಲ್ವೆಯವರು ಇದನ್ನು ಒಪ್ಪಲಿಲ್ಲ. ಆ ದುಡ್ಡು ಜಿರಲೆ ಸೊಳ್ಳೆಗೂ ಸೇರಿದ್ದು, ಬೋಗಿಯೊಂದಕ್ಕೆ ಬರೀ 94 ರೂಪಾಯಿ ಅಂದರು. ಇರಲಿ.

ಮುಂಬೈಯ ಮಂತ್ರಾಲಯ, ಅಂದರೆ ಮಹಾರಾಷ್ಟ್ರ ಸರ್ಕಾರದ ಸಚಿವಾಲಯದ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಏಳು ದಿನದಲ್ಲಿ 3,19,400 ಇಲಿ ಕೊಂದಿದ್ದಾರಂತೆ ಅಂತ 2018ರಲ್ಲಿ ಶಾಸಕ ಏಕನಾಥ ಖಡ್ಸೆ ಅಲ್ಲಿನ ವಿಧಾನಸಭೆಯಲ್ಲಿ ಎದ್ದು ನಿಂತು ಕೇಳಿದರು. ನಿಮಿಷಕ್ಕೆ ಮೂವತ್ತರ ಮೇಲಾಯಿತು. ಆ ಹೆಣಗಳನ್ನೆಲ್ಲ ಎಲ್ಲಿ ಹಾಕಿದಿರಿ ಅಂದರೆ ಸರ್ಕಾರದ ಕಡೆಯಿಂದ ಸಿಕ್ಕ ಉತ್ತರ: ಅದು ಇಲಿಗಳ ಸಂಖ್ಯೆಯಲ್ಲ, ಇಟ್ಟ ಮಾತ್ರೆಗಳ ಸಂಖ್ಯೆ. ಇದೇ ಲೆಕ್ಕ ಹಿಡಿದರೆ ನಮ್ಮ ಮನೆಯಲ್ಲಿ ನಾಲ್ಕು ಡಬ್ಬ ಮಾತ್ರೆ ಇಟ್ಟಾಗಲೇ ಬೀದಿಯ ಇಲಿ ಸಂತತಿ ನಿರ್ನಾಮವಾಗಿರಬೇಕು.

ನಮ್ಮ ಲೇಔಟಿನ ಸಂಘವೂ ಸಭೆ ಕರೆಯಿತು. ಎರಡು ಗಂಟೆ ಚರ್ಚೆ. ಅಹಿಂಸಾವಾದಿಗಳು ಒಂದು ಕಡೆ, ಪಾಷಾಣವಾದಿಗಳು ಒಂದು ಕಡೆ. ಶಬ್ದದಿಂದ ಇಲಿ ಓಡಿಸುವ ಯಂತ್ರ ಇದೆ, ಪ್ಲಗ್ಗಿಗೆ ಹಾಕಿದರೆ ಸಾಕು ಅಂದರು ಒಬ್ಬರು. ಅದನ್ನು ಕೊಂಡ ಇನ್ನೊಬ್ಬರು, ನಮ್ಮನೆ ಇಲಿ ಅದರ ಮೇಲೇ ಕೂತು ಮುಖ ತೊಳೆಯುತ್ತೆ ಅಂದರು. ಬೆಕ್ಕು ಸಾಕೋಣ ಅಂದವರಿಗೆ ಬೆಕ್ಕಿಗೆ ಬೋನ್ ಮಾಡಿಸುವುದು ಯಾರು ಅನ್ನುವ ಪ್ರಶ್ನೆ ಬಂತು. ಮಧ್ಯೆ ಎಲ್ಲರಿಗೂ ಬಜ್ಜಿ. ತಟ್ಟೆಗಳನ್ನು ಪಕ್ಕದ ಖಾಲಿ ಸೈಟಿಗೆ ಎಸೆದು ಸಭೆ ಮುಂದುವರಿಸಿದೆವು.

ಆ ಖಾಲಿ ಸೈಟಿನ ಬಗ್ಗೆ ಒಂದು ಮಾತು. ಲೇಔಟಿನ ಉಳಿದ ಅನ್ನ, ತರಕಾರಿ ಸಿಪ್ಪೆ, ಹಬ್ಬದ ಬಾಳೆಎಲೆ ಎಲ್ಲ ಸೇರುವುದು ಅಲ್ಲೇ. ‘ಇಲ್ಲಿ ಕಸ ಹಾಕಿದರೆ ದಂಡ’ ಅನ್ನುವ ಬೋರ್ಡಿನ ಬುಡದಲ್ಲೇ ರಾಶಿ ಎತ್ತರವಾಗಿದೆ. ಇಲಿ ಮೂರೇ ವಾರಕ್ಕೆ ಮರಿ ಹಾಕುತ್ತದೆ. ಅಷ್ಟು ಬೇಗ ಬಾಣಂತಿಯಾಗುವವರಿಗೆ ಊಟ ನಾವೇ ಹೊತ್ತುಕೊಂಡು ಹೋಗಿ ಕೊಡುತ್ತಿದ್ದೇವೆ, ದಿನಾ ಎರಡು ಹೊತ್ತು, ಕವರಿನಲ್ಲಿ ಗಂಟು ಹಾಕಿ.

ಸಭೆಗೆ ನೀರಿನ ಕ್ಯಾನ್ ಹೊತ್ತು ತಂದ ಗಾರೆ ಕೆಲಸದ ಅಣ್ಣ ಬಾಗಿಲಲ್ಲಿ ನಿಂತಿದ್ದರು. ‘ಸಾರ್, ಪೈಪ್ ಹೋಗೋ ತೂತುಗಳೆಲ್ಲ ಹಂಗೇ ಬಿಟ್ಟಿದ್ದೀರ. ಬೆರಳು ತೂರೋ ಸಂದು ಸಾಕು ಅದಕ್ಕೆ. ಪಾತ್ರೆ ಉಜ್ಜೋ ಸ್ಟೀಲ್ ನಾರು ತುಂಬಿ ಮೇಲೆ ಸಿಮೆಂಟ್ ಮೆತ್ತಿಬಿಡ್ತೀನಿ. ಆ ಸೈಟ್ ಕಸ ಎತ್ತಿಸಿ. ಯಾರನ್ನೂ ಸಾಯಿಸೋದೂ ಬೇಡ, ಹೊರೋದೂ ಬೇಡ’ ಅಂದರು.

ಸಭೆ ಒಂದು ನಿಮಿಷ ಸುಮ್ಮನಾಯಿತು. ಖಜಾಂಚಿ ಗಂಟಲು ಸರಿಮಾಡಿಕೊಂಡರು. ಇಲಿ ಹಿಡಿಯುವುದಕ್ಕೆ ಬಜೆಟ್ಟಿನಲ್ಲಿ ಜಾಗ ಇದೆ, ತೂತು ಮುಚ್ಚುವುದಕ್ಕೆ ಇಲ್ಲ. ಸೈಟು ಖಾಸಗಿಯವರದ್ದು, ಅದರೊಳಗಿನ ಕಸ ಮಾತ್ರ ನಮ್ಮದು, ಹಾಗಾಗಿ ಕಾನೂನು ಸಲಹೆ ಬೇಕು. ಅಲ್ಲಿಯವರೆಗೆ ಎಂಟು ಹೊಸ ಬೋನು ಕೊಳ್ಳುವುದು ಅಂತ ಸರ್ವಾನುಮತದ ನಿರ್ಣಯವಾಯಿತು.

ಒಂದು ಹೇಳುವುದು ಮರೆತೆ. ಮೊನ್ನೆ ಬೋನು ಹೊತ್ತು ಹೊರಡುವ ಮುಂಚೆ ನನ್ನ ಮಗಳು, ಸರಳಿನಾಚೆ ಇಳಿಬಿದ್ದಿದ್ದ ಬಾಲದ ತುದಿಗೆ ಕೆಂಪು ನೈಲ್ ಪಾಲಿಶ್ ಹಚ್ಚಿದ್ದಳು. ‘ಅಪ್ಪಾ, ಇದೇ ವಾಪಸ್ ಬಂದ್ರೆ ಗೊತ್ತಾಗ್ಲಿ’ ಅಂದಿದ್ದಳು. ನಿನ್ನೆ ರಾತ್ರಿ ಬೋನು ಟಪ್ ಅಂತ ಬಿತ್ತು. ಟಾರ್ಚ್ ಹಾಕಿ ನೋಡಿದರೆ ಬಾಲದ ತುದಿಯಲ್ಲಿ ಕೆಂಪು. ಅದಕ್ಕಿಂತ ಸ್ವಲ್ಪ ಮೇಲೆ, ಇನ್ನೂ ಹೊಸದಾಗಿ ಹೊಳೆಯುತ್ತಿದ್ದ ಹಸಿರು ಪಟ್ಟೆ.

ಮಂಕಿ ಟೋಪಿಯವರಿಗೂ ಒಬ್ಬಳು ಮಗಳಿದ್ದಾಳೆ ಅಂತ ಕಾಣುತ್ತದೆ.