‘ಆದ್ರೂ’ ಯಾಕಜ್ಜಿ?

ಅಮ್ಮ ಹಾಸನದಿಂದ ಬಂದಿದ್ದಾಗ, ಪಕ್ಕದ ಮನೆಯ ಅಜ್ಜಿಯನ್ನೂ ಕರೆದುಕೊಂಡು ಗ್ರೀನ್ಸ್‌ಬರೊಗೆ ಹೋಗಿದ್ದೆವು. ಅಮೆರಿಕದಲ್ಲಿ ನಾವಿರುವ ನಾರ್ತ್ ಕೆರೊಲಿನಾ ರಾಜ್ಯದಲ್ಲೇ ಇರುವ ಊರು. ಅಜ್ಜಿ ಕಪ್ಪು ಜನಾಂಗದವರು, ಹುಟ್ಟಿ ಬೆಳೆದದ್ದೂ ಅಲ್ಲೇ.

ಅಲ್ಲಿನ ವೂಲ್‌ವರ್ತ್ ಅಂಗಡಿ ಈಗ ಮ್ಯೂಸಿಯಂ. 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಅದರ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರೂ ಏಳಲಿಲ್ಲ. ಮಾರನೇ ದಿನ ಇನ್ನಷ್ಟು ಜನ ಬಂದು ಕೂತರು. ಅಂಗಡಿಯವರು ಮಣಿದದ್ದು ಜುಲೈ 25ಕ್ಕೆ. ಅವತ್ತು ಆ ಕೌಂಟರಿನಲ್ಲಿ ಮೊದಲು ಕೂತು ಉಂಡವರು ಅದೇ ಅಂಗಡಿಯ ಕಪ್ಪು ಕೆಲಸಗಾರರು.

ಅಜ್ಜಿಗೆ ಆಗ ಹದಿನಾರು. “ಸೋಪು, ಟೂತ್‌ಪೇಸ್ಟ್ ನಮಗೂ ಮಾರುತ್ತಿದ್ದರು. ಕೂತು ತಿನ್ನೋಕೆ ಮಾತ್ರ ಬಿಡುತ್ತಿರಲಿಲ್ಲ” ಅಂದರು. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಆ ಸ್ಟೂಲುಗಳನ್ನೇ ನೋಡುತ್ತಾ, “ನಮ್ಮೂರ ಹೋಟೆಲಲ್ಲೂ ಅವರಿಗೆ ಅಂತ ಬೇರೆ ಲೋಟ ಇಡ್ತಿದ್ರು. ಕುಡಿದು ಅವರೇ ತೊಳೆದಿಟ್ಟು ಹೋಗ್ಬೇಕಿತ್ತು” ಅಂದಳು. ಅದನ್ನು ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಅಜ್ಜಿ ಏನೂ ಅನ್ನದೆ ಅಮ್ಮನ ಕೈ ಹಿಡಿದುಕೊಂಡರು.

ಅದೇ ಅಮ್ಮ ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯ ಮೊಮ್ಮಗಳನ್ನು ನೆನೆದು, “ಕಪ್ಪಾದ್ರೂ ಲಕ್ಷಣವಾಗಿದ್ದಾಳೆ ಕಣೆ” ಅಂದಳು.

ಹದಿನೈದು ವರ್ಷದ ನನ್ನ ಮಗಳು ತಲೆಯೆತ್ತಿದಳು. “‘ಆದ್ರೂ’ ಯಾಕಜ್ಜಿ?”

ಅಮ್ಮ ಸುಮ್ಮನಾದಳು. ನಾನೂ. ಹೆಣ್ಣು ನೋಡಲು ಬಂದವರು ನನ್ನ ಬಗ್ಗೆ ಇದೇ ಮಾತು ಆಡಿದ್ದರು. ಒಳಗೆ ಹೋಗಿ ಅತ್ತಿದ್ದೆ. ಆದರೆ ಆ ಒಂದು ಪದವನ್ನು ಹಿಡಿದು ಹೀಗೆ ಕೇಳಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಇಲ್ಲಿ ನಮ್ಮವರು ಸೇರಿದಾಗ “ನಾವು ಓದಿ, ಕಷ್ಟಪಟ್ಟು ಮೇಲೆ ಬಂದೋರು, ಅವರಿಗೇನಾಗಿದೆ?” ಅನ್ನುವ ಮಾತು ಬಂದೇ ಬರುತ್ತದೆ. ನನಗೆ ಸಂಕಟವಾಗುತ್ತದೆ. 1923ರಲ್ಲಿ ಈ ದೇಶದ ಸುಪ್ರೀಂ ಕೋರ್ಟು, ಭಾರತದಿಂದ ಬಂದು ಇಲ್ಲಿ ನೆಲೆಸಿದ್ದ ಭಗತ್ ಸಿಂಗ್ ಥಿಂಡ್ ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂದಿತ್ತು. 1946ರಲ್ಲಿ ಕಾನೂನು ಸಡಿಲವಾದ ಮೇಲೂ ಭಾರತದಿಂದ ವಲಸೆ ಬರಬಹುದಾಗಿದ್ದದ್ದು ವರ್ಷಕ್ಕೆ ಬರೀ 100 ಜನ. ಕಪ್ಪು ಜನ ಬೀದಿಯಲ್ಲಿ ಏಟು ತಿಂದು, ಜೈಲಿಗೆ ಹೋಗಿ 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಮತದಾನ ಹಕ್ಕು ಕಾಯ್ದೆ ತಂದರು. ಅದೇ ಹೋರಾಟದ ಗಾಳಿಯಲ್ಲಿ, ಅದೇ 1965ರ ಅಕ್ಟೋಬರಿನಲ್ಲಿ ವಲಸೆ ಕಾನೂನೂ ಬದಲಾಯಿತು. ನಮ್ಮ ಡಿಗ್ರಿಗೆ ಬೆಲೆ ಬಂದದ್ದು ಆಮೇಲೆ. ಆ ಸ್ಟೂಲುಗಳ ಮೇಲೆ ಬೈಗುಳ ಕೇಳಿಕೊಂಡು ಕೂತವರ ಋಣ ನಮ್ಮ ಮೇಲಿದೆ.

ನಿನ್ನೆ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮನೆ ಹುಡುಕುತ್ತಿರುವವರೊಬ್ಬರು, “ಆ ಏರಿಯಾದಲ್ಲಿ ಅವರು ಜಾಸ್ತಿನಾ?” ಅಂತ ಬರೆದಿದ್ದರು. ಹಿಂದೊಮ್ಮೆ ನಾನೂ ಕೇಳಿದ ಪ್ರಶ್ನೆಯೇ ಅದು. ಈ ಸಲ “ಅವರು ಅಂದ್ರೆ ಯಾರು?” ಅಂತ ಬರೆದೆ.

ನೂರಾರು ಜನ ಓದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.